ಹೊಲದ ಪಕ್ಕ ಮನೆ: ಕ್ಯಾಲಿಫೋರ್ನಿಯಾದ ‘ರೈಟ್ ಟು ಫಾರ್ಮ್’ ಕಾನೂನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಕೆಲಸ, ಆಲ್ಟಮಾಂಟ್ ಘಟ್ಟದ ಆಚೆ ಮನೆ. ಟ್ರೇಸಿ, ಮೌಂಟನ್ ಹೌಸ್, ಲೇಥ್ರಾಪ್, ಮ್ಯಾಂಟೀಕಾ ಕಡೆ ಮನೆ ಕೊಳ್ಳುವ ಕನ್ನಡಿಗರ ಲೆಕ್ಕಾಚಾರ ಸಾಮಾನ್ಯವಾಗಿ ಇದು. ಅಲ್ಲಿನ ಹೊಸ ಬಡಾವಣೆಗಳ ಬೇಲಿ ಮುಗಿದಲ್ಲಿ ಬಾದಾಮಿ ತೋಟವೋ ಚೆರ್ರಿ ತೋಟವೋ ಕುದುರೆಮಸಾಲೆ (ಅಲ್ಫಾಲ್ಫಾ ಮೇವು) ಹೊಲವೋ ಶುರುವಾಗುತ್ತದೆ. ಮನೆಯ ಕಾಗದಪತ್ರಗಳ ಜತೆ ಬರುವ ಒಂದು ಪುಟದ ನೋಟಿಸನ್ನು ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ. ಕೆಳಗಿನ ಪ್ರಶ್ನೆಗಳಲ್ಲಿ ಬಹುಪಾಲು ಹುಟ್ಟುವುದು ಆ ಒಂದು ಪುಟದಿಂದ.

ಕಾಗದಪತ್ರದಲ್ಲಿ ‘ರೈಟ್ ಟು ಫಾರ್ಮ್’ (ಕೃಷಿ ಮಾಡುವ ಹಕ್ಕು) ನೋಟಿಸ್ ಇದೆ. ಅದರಲ್ಲಿ ಏನು ಹೇಳಿದ್ದಾರೆ?

ನೀವು ಕೊಳ್ಳುವ ಜಾಗದಿಂದ ಒಂದು ಮೈಲಿಯೊಳಗೆ ಕೃಷಿಭೂಮಿ ಅಥವಾ ಹುಲ್ಲುಗಾವಲು ಇದೆ ಎಂದು ಅದರ ಅರ್ಥ. ಕ್ಯಾಲಿಫೋರ್ನಿಯಾ ಸರ್ಕಾರದ ಕೃಷಿಭೂಮಿ ನಕ್ಷೆಯಲ್ಲಿ ಆ ಹೊಲ ಗುರುತಾಗಿದ್ದರೆ, ಮನೆ ಮಾರಾಟದ ವೇಳೆ ಕೊಡುವ ನೈಸರ್ಗಿಕ ಅಪಾಯಗಳ ವರದಿ ತಯಾರಿಸುವವರು ಈ ನೋಟಿಸನ್ನು ಸೇರಿಸಲೇಬೇಕು. 2008ರಲ್ಲಿ ಶಾಸನಸಭೆ ಒಪ್ಪಿದ ನಿಯಮ ಇದು. ಬಿಲ್ಡರ್‌ನಿಂದ ಹೊಸ ಮನೆ ಕೊಳ್ಳುವಾಗ ಕೈಗೆ ಬರುವ ಸಾರ್ವಜನಿಕ ವರದಿಯಲ್ಲೂ ಇದೇ ಮಾತು ಇರುತ್ತದೆ.

ಸದ್ದು, ವಾಸನೆ, ಧೂಳು, ಬೆಳಕು, ಹುಳುಹುಪ್ಪಟೆ, ಪಂಪು ಮತ್ತು ಯಂತ್ರಗಳ ಓಡಾಟ, ಗೊಬ್ಬರದ ರಾಶಿ, ಜೇನುಪೆಟ್ಟಿಗೆ, ನೆಲದಿಂದಲೂ ವಿಮಾನದಿಂದಲೂ ಔಷಧಿ ಹೊಡೆಯುವುದು: ಇವೆಲ್ಲ ದಿನದ 24 ಗಂಟೆಯಲ್ಲಿ ಯಾವಾಗ ಬೇಕಾದರೂ ನಡೆಯಬಹುದು ಎಂದು ನೋಟಿಸು ಎಚ್ಚರಿಸುತ್ತದೆ. ಕೊನೆಯ ವಾಕ್ಯ ಎಲ್ಲಕ್ಕಿಂತ ಮುಖ್ಯ. ವಾಡಿಕೆಯ ಪದ್ಧತಿಯಂತೆ ನಡೆಯುವ ಕೃಷಿಯ ವಿರುದ್ಧ ನಿಮಗೆ ಕೋರ್ಟಿನಲ್ಲಿ ಪರಿಹಾರ ಸಿಗದೇ ಇರಬಹುದು ಎಂದು ಅದು ಹೇಳುತ್ತದೆ. ‘ನನಗೆ ಯಾರೂ ಹೇಳಲಿಲ್ಲ’ ಎನ್ನುವ ವಾದ ಅಲ್ಲಿಗೆ ಮುಗಿಯಿತು.

ಮೂಲ ಕಾನೂನು ಯಾವುದು? ಇಂಥದೊಂದು ಯಾಕೆ ಬೇಕಾಯಿತು?

ಸಿವಿಲ್ ಕೋಡ್‌ನ ಸೆಕ್ಷನ್ 3482.5. ಇದು 1981ರದು. ವಾಣಿಜ್ಯ ಉದ್ದೇಶದ ಕೃಷಿ ಚಟುವಟಿಕೆಯನ್ನು, ಸುತ್ತಲಿನ ಪರಿಸ್ಥಿತಿ ಬದಲಾಯಿತು ಎಂಬ ಕಾರಣಕ್ಕೆ ‘ನ್ಯೂಸೆನ್ಸ್’ (ನೆರೆಯವರಿಗೆ ಉಪದ್ರವ) ಎಂದು ಕರೆಯುವಂತಿಲ್ಲ ಎನ್ನುತ್ತದೆ ಅದು. ಆದರೆ ಈ ರಕ್ಷಣೆ ತಾನಾಗಿ ಬರುವುದಿಲ್ಲ. ಕೃಷಿ ವಾಣಿಜ್ಯದ್ದಾಗಿರಬೇಕು, ಆ ಪ್ರದೇಶದ ಇತರ ರೈತರು ಅನುಸರಿಸುವ ಸರಿಯಾದ ಪದ್ಧತಿಯಂತೆ ನಡೆಯುತ್ತಿರಬೇಕು, ಆರಂಭವಾಗಿ 3 ವರ್ಷ ಮೀರಿರಬೇಕು, ಆರಂಭವಾದಾಗ ಅದು ಯಾರಿಗೂ ಉಪದ್ರವ ಆಗಿರಬಾರದು. ನಾಲ್ಕರಲ್ಲಿ ಒಂದು ತಪ್ಪಿದರೂ ರಕ್ಷಣೆ ತಪ್ಪುತ್ತದೆ. ಉಳುಮೆ, ನೀರಾವರಿ, ಕೊಯ್ಲು, ಹೈನುಗಾರಿಕೆ, ಕೋಳಿ, ಜೇನು, ದ್ರಾಕ್ಷಿ, ಬೆಳೆಯನ್ನು ಮಾರುಕಟ್ಟೆಗೆ ಸಾಗಿಸುವುದು, ಇವೆಲ್ಲ ಕೃಷಿಯೊಳಗೆ ಬರುತ್ತವೆ.

ಯಾಕೆ ಬೇಕಾಯಿತು ಎನ್ನುವುದಕ್ಕೆ ಪಕ್ಕದ ಅರಿಜೋನದ ಒಂದು ಪ್ರಕರಣ ನೋಡಿ. ಫೀನಿಕ್ಸ್ ಹೊರವಲಯದಲ್ಲಿ ದನಗಳನ್ನು ಕೊಬ್ಬಿಸುವ ದೊಡ್ಡ ಕೊಟ್ಟಿಗೆ ಮೊದಲಿನಿಂದ ಇತ್ತು. ಅದರತ್ತ ಸನ್ ಸಿಟಿ ಎಂಬ ಬಡಾವಣೆ ಬೆಳೆಯುತ್ತ ಬಂತು. ಬಿಲ್ಡರ್ ದಾವೆ ಹೂಡಿದ. 1972ರಲ್ಲಿ ಅರಿಜೋನ ಸುಪ್ರೀಂ ಕೋರ್ಟ್ ಕೊಟ್ಟಿಗೆ ಜಾಗ ಖಾಲಿ ಮಾಡಬೇಕು, ಆದರೆ ಆ ಖರ್ಚನ್ನು ಬಿಲ್ಡರ್ ಭರಿಸಬೇಕು ಎಂದಿತು. ಮೊದಲು ಬಂದವನೂ ಜಾಗ ಬಿಡಬೇಕಾಗಬಹುದು ಎನ್ನುವುದು ರೈತರಿಗೆ ಅರ್ಥವಾಯಿತು. ಆಮೇಲಿನ ವರ್ಷಗಳಲ್ಲಿ ಒಂದೊಂದೇ ರಾಜ್ಯ ಇಂಥ ಕಾನೂನು ತಂದು, ಈಗ 50 ರಾಜ್ಯಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇದೆ.

ಹಾಗಾದರೆ ರೈತ ಏನು ಬೇಕಾದರೂ ಮಾಡಬಹುದೆ?

ಖಂಡಿತ ಇಲ್ಲ. ನೋಟಿಸು ನೋಡಿ ಹೆದರುವವರೂ, ಅದನ್ನು ತೋರಿಸಿ ಹೆದರಿಸುವವರೂ ತಪ್ಪು ತಿಳಿಯುವುದು ಇಲ್ಲಿಯೇ. ಈ ಸೆಕ್ಷನ್ ನಿಮ್ಮಿಂದ ಕಿತ್ತುಕೊಳ್ಳುವುದು ಒಂದೇ ಒಂದು ಅಸ್ತ್ರವನ್ನು: ‘ನಾನು ಪಕ್ಕಕ್ಕೆ ಬಂದಿದ್ದೇನೆ, ಇನ್ನು ನೀನು ನಿಲ್ಲಿಸು’ ಎನ್ನುವ ನ್ಯೂಸೆನ್ಸ್ ದಾವೆಯನ್ನು. ಆರೋಗ್ಯ ಮತ್ತು ಸುರಕ್ಷತೆ, ಆಹಾರ ಮತ್ತು ಕೃಷಿ, ಮೀನು ಮತ್ತು ವನ್ಯಜೀವಿ, ನೀರಿನ ಮಾಲಿನ್ಯ ಇವುಗಳ ಕಾನೂನುಗಳು ಪೂರ್ತಿ ಜಾರಿಯಲ್ಲಿರುತ್ತವೆ ಎಂದು ಸೆಕ್ಷನ್ನೇ ಬರೆದಿದೆ. ರಸ್ತೆ, ಕಾಲುವೆ, ಉದ್ಯಾನಕ್ಕೆ ಅಡ್ಡಿ ಮಾಡಿದರೂ ರಕ್ಷಣೆ ಇಲ್ಲ. ಔಷಧಿ ಬೇಲಿ ದಾಟಿ ನಿಮ್ಮ ಮೈಮೇಲೆ ಬಿದ್ದರೆ ಅದು ‘ವಾಡಿಕೆಯ ಕೃಷಿ’ ಅಲ್ಲ, ನಿಯಮಭಂಗ.

ಕೌಂಟಿಯ ಕಾನೂನು ಬೇರೆ ಇದೆಯಂತಲ್ಲ?

ಇದೆ. ಸ್ಯಾನ್ ವಾಕೀನ್, ಸ್ಟ್ಯಾನಿಸ್ಲಾಸ್, ಸೊನೋಮಾ, ಯೋಲೋ ಹೀಗೆ ಕೃಷಿ ಹೆಚ್ಚಿರುವ ಕೌಂಟಿಗಳು ತಮ್ಮದೇ ‘ರೈಟ್ ಟು ಫಾರ್ಮ್’ ಸ್ಥಳೀಯ ನಿಯಮ ಮಾಡಿಕೊಂಡಿವೆ. ರಾಜ್ಯದ ರಕ್ಷಣೆಯನ್ನು ಕಡಿಮೆ ಮಾಡುವ ಅಧಿಕಾರ ಅವಕ್ಕಿಲ್ಲ. ಕೊಳ್ಳುವವರಿಗೆ ಹೆಚ್ಚಿನ ನೋಟಿಸು ಕೊಡಿಸಬಹುದು, ಜಗಳಗಳನ್ನು ಕೋರ್ಟಿನ ಹೊರಗೆ ಬಗೆಹರಿಸುವ ಸಮಿತಿ ಇಡಬಹುದು. ಹೊಸ ಕಟ್ಟಡ ಮತ್ತು ಹೊಲದ ನಡುವೆ ಅಂತರ ಬಿಡಿಸುವುದೂ ಕೌಂಟಿಯ ಕೈಯಲ್ಲಿದೆ. ಸ್ಟ್ಯಾನಿಸ್ಲಾಸ್ ಕೌಂಟಿಯ ಮಾರ್ಗಸೂಚಿಯಲ್ಲಿ ಆ ಅಂತರ 150 ಅಡಿ. ಆಟದ ಮೈದಾನದಂಥ ಜನ ಸೇರುವ ಜಾಗಕ್ಕೆ 300 ಅಡಿ.

ಕೊಳ್ಳುವ ಮೊದಲು ಏನೇನು ನೋಡಬೇಕು?

ಮೊದಲು ಬೇಲಿಯಾಚೆ ಯಾವ ಬೆಳೆ ಎಂದು ತಿಳಿಯಿರಿ. ‘ಹಸಿರಾಗಿದೆ’ ಎನ್ನುವುದು ಉತ್ತರವಲ್ಲ. ಬಾದಾಮಿಯ ತೊಂದರೆ ಧೂಳು, ಚೆರ್ರಿಯದು ಹಕ್ಕಿ ಓಡಿಸುವ ಗುಂಡಿನ ಸದ್ದು, ದ್ರಾಕ್ಷಿಯದು ಗಂಧಕದ ಪುಡಿ, ಡೇರಿಯದು ವಾಸನೆ ಮತ್ತು ನೊಣ. ಊರಲ್ಲಿ ನಾಲ್ಕು ಹಸುವಿನ ಹಟ್ಟಿ, ತಿಪ್ಪೆ ನೋಡಿ ಬೆಳೆದವರು ಡೇರಿ ಎಂದರೆ ಅಷ್ಟೇ ಅಂದುಕೊಳ್ಳುತ್ತಾರೆ. ಇಲ್ಲಿಯ ಡೇರಿಯಲ್ಲಿ ಸಾವಿರಕ್ಕೂ ಹೆಚ್ಚು ರಾಸುಗಳಿರುವುದು ಸಾಮಾನ್ಯ. ಸಗಣಿನೀರು ಕೆರೆಯಂಥ ಹೊಂಡದಲ್ಲಿ ನಿಂತಿರುತ್ತದೆ. ಉಪಗ್ರಹ ಚಿತ್ರದಲ್ಲಿ ಉದ್ದುದ್ದ ಚಾವಣಿಗಳ ಪಕ್ಕ ಕಂದು ಬಣ್ಣದ ಆಯತಾಕಾರದ ಕೊಳ ಕಂಡರೆ ಅದು ಡೇರಿ. ಮನೆಯಿಂದ ಎರಡು ಮೂರು ಮೈಲಿ ಸುತ್ತ ಹುಡುಕಿ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದೂ ನೋಡಿ. ಬೇಸಿಗೆಯಲ್ಲಿ ಆಲ್ಟಮಾಂಟ್ ಕಡೆಯಿಂದ, ಅಂದರೆ ಪಶ್ಚಿಮದಿಂದ, ಜೋರು ಗಾಳಿ ಬರುತ್ತದೆ. ಡೇರಿ ನಿಮ್ಮ ಪೂರ್ವಕ್ಕಿದ್ದರೆ ಅಷ್ಟು ಯೋಚನೆ ಬೇಡ, ಪಶ್ಚಿಮಕ್ಕಿದ್ದರೆ ಬೇಕು.

ಶನಿವಾರ ಮಧ್ಯಾಹ್ನದ ಓಪನ್ ಹೌಸ್ ಒಂದನ್ನೇ ನಂಬಬೇಡಿ. ವಾರದ ದಿನ ಬೆಳಗಿನ 5 ಗಂಟೆಗೆ ಒಮ್ಮೆ, ರಾತ್ರಿ 10ರ ಮೇಲೆ ಒಮ್ಮೆ ಹೋಗಿ, ಕಾರಿನ ಗಾಜು ಇಳಿಸಿ ಹತ್ತು ನಿಮಿಷ ಕುಳಿತುಕೊಳ್ಳಿ. ಬಡಾವಣೆಯ ಕೊನೆಯ ಸಾಲಿನಲ್ಲಿ ಇರುವವರ ಬಾಗಿಲು ತಟ್ಟಿ ಆಗಸ್ಟ್, ಸೆಪ್ಟೆಂಬರ್ ಹೇಗಿರುತ್ತದೆ ಎಂದು ಕೇಳಿ. ಕೌಂಟಿಯ ಕೃಷಿ ಕಮಿಷನರ್ ಕಚೇರಿಯಲ್ಲಿ ಪಕ್ಕದ ಹೊಲದಲ್ಲಿ ಹಿಂದಿನ ವರ್ಷಗಳಲ್ಲಿ ಏನು ಔಷಧಿ, ಎಷ್ಟು, ಯಾವ ತಾರೀಖಿಗೆ ಹೊಡೆದರು ಎಂಬ ದಾಖಲೆ ಇರುತ್ತದೆ. 1990ರಿಂದ ಈ ರಾಜ್ಯದಲ್ಲಿ ಕೃಷಿಯ ಪ್ರತಿ ಬಳಕೆಯ ವರದಿ ಕಡ್ಡಾಯ. ಅದು ಸಾರ್ವಜನಿಕ ದಾಖಲೆ, ಕೇಳಿದರೆ ಕೊಡುತ್ತಾರೆ.

ಹಳೆಯ ಮನೆ ಕೊಳ್ಳುವಾಗ ಸಾಮಾನ್ಯ ಒಪ್ಪಂದಪತ್ರದಲ್ಲಿ ಪರಿಶೀಲನೆಗೆ 17 ದಿನ ಇರುತ್ತದೆ, ನೀವೇ ಕಡಿಮೆ ಮಾಡಿಕೊಳ್ಳದಿದ್ದರೆ. ಮೇಲಿನ ಕೆಲಸವೆಲ್ಲ ಆ ದಿನಗಳಲ್ಲೇ ಮುಗಿಯಬೇಕು. ಪೈಪೋಟಿಯಲ್ಲಿ ಗೆಲ್ಲಲು ಆ ಅವಧಿಯನ್ನೇ ಬಿಟ್ಟುಕೊಟ್ಟು, ಆಮೇಲೆ ಡೇರಿ ಕಂಡು ಪರದಾಡುವುದು ಈ ಭಾಗದಲ್ಲಿ ಆಗುವ ದುಬಾರಿ ತಪ್ಪು.

ವರ್ಷದಲ್ಲಿ ಯಾವಾಗ ಏನು ನಡೆಯುತ್ತದೆ?

ಫೆಬ್ರವರಿಯಲ್ಲಿ ಬಾದಾಮಿ ಹೂ ಬಿಡುತ್ತದೆ. ಎಕರೆಗೆ ಸುಮಾರು 2ರಂತೆ ಜೇನುಪೆಟ್ಟಿಗೆ ತಂದಿಡುತ್ತಾರೆ. ಜೇನುಹುಳುಗಳು ನಿಮ್ಮ ಹಿತ್ತಲಿನ ನೀರಿನ ತೊಟ್ಟಿಗೂ ಬರುತ್ತವೆ. ಓಡಿಸಬೇಡಿ, ಹೂ ಮುಗಿದೊಡನೆ ಪೆಟ್ಟಿಗೆಗಳೇ ಹೋಗುತ್ತವೆ. ಹೂವಿನ ಕಾಲದಲ್ಲಿ ಶಿಲೀಂಧ್ರನಾಶಕವನ್ನು ಸಂಜೆ ಅಥವಾ ರಾತ್ರಿ ಹೊಡೆಯುವುದೂ ಜೇನಿಗಾಗಿಯೇ. ಸರಿರಾತ್ರಿಯಲ್ಲಿ ಯಂತ್ರದ ಸದ್ದು ಕೇಳಿದರೆ ರೈತ ನಿಯಮ ಮುರಿಯುತ್ತಿದ್ದಾನೆ ಎಂದು ತಿಳಿಯಬೇಕಿಲ್ಲ. ಹುಳುಗಳು ಹಾರಾಡದ, ಗಾಳಿ ಕಡಿಮೆ ಇರುವ ಹೊತ್ತನ್ನು ಆರಿಸಿಕೊಂಡಿದ್ದಾನೆ.

ಏಪ್ರಿಲ್‌ನಿಂದ ಜೂನ್‌ವರೆಗೆ ಚೆರ್ರಿ. ಹಣ್ಣು ಕೆಂಪಾದಾಗ ಹಕ್ಕಿ ಓಡಿಸಲು ಪ್ರೊಪೇನ್ ಗ್ಯಾಸಿನ ಫಿರಂಗಿ ಇಡುತ್ತಾರೆ, ಹಗಲಿಡೀ ಢಂ ಢಂ. ಗುಂಡು ಹಾರುತ್ತಿದೆ ಎಂದು 911ಕ್ಕೆ ಕರೆ ಮಾಡಬೇಡಿ. ವಸಂತ ಮತ್ತು ಶರತ್ಕಾಲದಲ್ಲಿ, ಜೋಳಕ್ಕೆ ಮತ್ತು ಚಳಿಗಾಲದ ಮೇವಿಗೆ ನೆಲ ಹದಮಾಡುವಾಗ, ಡೇರಿ ಗೊಬ್ಬರ ಹೊಲಕ್ಕೆ ಬೀಳುತ್ತದೆ. ವಾಸನೆಯ ದಿನಗಳು ಅವೇ. ಜುಲೈನಲ್ಲಿ ಬಾದಾಮಿ ಸಿಪ್ಪೆ ಬಿರಿಯುವಾಗ ಹುಳುವಿಗೆ ಔಷಧಿ.

ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಬಾದಾಮಿ ಕೊಯ್ಲು. ಯಂತ್ರ ಮರದ ಬುಡ ಹಿಡಿದು ಕೆಲವೇ ಸೆಕೆಂಡು ಅಲ್ಲಾಡಿಸಿ ಕಾಯಿ ಉದುರಿಸುತ್ತದೆ. ಕಾಯಿ ನೆಲದ ಮೇಲೆ ಒಂದು ವಾರ, ಹತ್ತು ದಿನ ಒಣಗಬೇಕು. ಆಮೇಲೆ ಗುಡಿಸಿ ಸಾಲು ಮಾಡಿ, ಇನ್ನೊಂದು ಯಂತ್ರ ಎತ್ತಿಕೊಂಡು ಹೋಗುತ್ತದೆ. ಅಲ್ಲಾಡಿಸುವುದಕ್ಕಿಂತ ಗುಡಿಸುವಾಗ ಮತ್ತು ಎತ್ತುವಾಗ ಧೂಳು ಜಾಸ್ತಿ. ನೆಲ ತೇವ ಮಾಡಿ ಧೂಳು ತಗ್ಗಿಸಿ ಎಂದರೆ ಆಗದು, ಒದ್ದೆ ಕಾಯಿ ಬೂಸ್ಟು ಹಿಡಿಯುತ್ತದೆ. ಆ ದಿನಗಳಲ್ಲಿ ಕಿಟಕಿ ಮುಚ್ಚಿ, ಎಸಿಗೆ ಸಣ್ಣ ಧೂಳಿನ ಕಣಗಳನ್ನೂ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ಹಾಕಿ, ಅದನ್ನು ತಿಂಗಳಿಗೊಮ್ಮೆ ಬದಲಿಸಿ. ನಿಮ್ಮ ಎಸಿ ಆ ದರ್ಜೆಯ ಫಿಲ್ಟರನ್ನು ತಾಳಿಕೊಳ್ಳುತ್ತದೆಯೇ ಎಂದು ಮೊದಲು ವಿಚಾರಿಸಿ. ಹಳೆಯದಾದರೆ ಗಾಳಿಯ ಹರಿವು ಕುಗ್ಗಿ ಮನೆಯೇ ತಂಪಾಗದು. ಹೊರಗೆ ಒಣಹಾಕುವ ಸಂಡಿಗೆ, ಹಪ್ಪಳ ಜೂನ್‌ನಲ್ಲೇ ಮುಗಿಸಿಬಿಡಿ.

ಫ್ರೆಸ್ನೊ, ಟುಲಾರಿ ಕಡೆ ಕಿತ್ತಳೆ ತೋಟದ ಪಕ್ಕ ಮನೆಯಾದರೆ ಚಳಿಗಾಲದ ರಾತ್ರಿ ಇನ್ನೊಂದು ಸದ್ದು ಇದೆ. ಉಷ್ಣತೆ 32 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಬಂದಾಗ ಎತ್ತರದ ಕಂಬದ ಮೇಲಿನ ದೊಡ್ಡ ಫ್ಯಾನುಗಳು ಹೆಲಿಕಾಪ್ಟರಿನಂತೆ ಸದ್ದು ಮಾಡುತ್ತ ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ಒಂದು ರಾತ್ರಿ ಅವು ತಿರುಗದಿದ್ದರೆ ಇಡೀ ವರ್ಷದ ಫಸಲು ಹೋಗಬಹುದು.

ಔಷಧಿ ಹೊಡೆಯುವುದು ಮುಂಚೆ ತಿಳಿಯುತ್ತದೆಯೆ?

2025ರ ಮಾರ್ಚ್‌ನಿಂದ ತಿಳಿಯುತ್ತದೆ. ರಾಜ್ಯದ ಕೀಟನಾಶಕ ನಿಯಂತ್ರಣ ಇಲಾಖೆಯ ‘ಸ್ಪ್ರೇಡೇಸ್ ಕ್ಯಾಲಿಫೋರ್ನಿಯಾ’ದಲ್ಲಿ ವಿಳಾಸ ಹಾಕಿ ನೋಂದಾಯಿಸಿದರೆ, ನಿರ್ಬಂಧಿತ ದರ್ಜೆಯ ಔಷಧಿಗಳ ಬಗ್ಗೆ 24 ಗಂಟೆ ಮುಂಚೆ ಇಮೇಲ್ ಅಥವಾ ಎಸ್‌ಎಂಎಸ್ ಬರುತ್ತದೆ, ಮಣ್ಣಿಗೆ ಹಾಕುವ ಹೊಗೆ ಔಷಧಿಯಾದರೆ 48 ಗಂಟೆ ಮುಂಚೆ. ಒಂದು ಚದರ ಮೈಲಿಯ ಯಾವ ಚೌಕದಲ್ಲಿ ಎಂದು ಗೊತ್ತಾಗುತ್ತದೆಯೇ ಹೊರತು ಯಾವ ಹೊಲ ಎಂದಲ್ಲ. ನಿರ್ಬಂಧಿತ ಅಲ್ಲದ ಔಷಧಿಗಳಿಗೆ ಸಂದೇಶ ಬರುವುದಿಲ್ಲ. ಸಂದೇಶ ಬಾರದಿದ್ದರೆ ಯಾರೂ ಏನೂ ಹೊಡೆಯುತ್ತಿಲ್ಲ ಎಂದು ತಿಳಿಯಬೇಡಿ.

ಸರ್ಕಾರಿ ಶಾಲೆ ಮತ್ತು ಪರವಾನಗಿ ಪಡೆದ ಶಿಶುವಿಹಾರಗಳಿಗೆ ಪ್ರತ್ಯೇಕ ರಕ್ಷಣೆ ಇದೆ. 2018ರಿಂದ ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, ಕಾಲು ಮೈಲಿಯೊಳಗೆ ವಿಮಾನದಿಂದ ಅಥವಾ ಗಾಳಿಯ ರಭಸದಿಂದ ಸಿಂಪಡಿಸುವ ಯಂತ್ರದಿಂದ ಔಷಧಿ ಹೊಡೆಯುವಂತಿಲ್ಲ. ಮನೆಗಳಿಗೆ ಈ ಅಂತರ ಅನ್ವಯಿಸದು.

ಔಷಧಿ ತೇಲಿ ನಮ್ಮ ಅಂಗಳಕ್ಕೆ ಬಂತು. ಏನು ಮಾಡಲಿ?

ಮಕ್ಕಳನ್ನು ಒಳಗೆ ಕರೆದು ಕಿಟಕಿ ಮುಚ್ಚಿ, ಹೊರಗಿನ ಗಾಳಿ ಎಳೆಯುವ ಕೂಲರ್ ಆರಿಸಿ. ಮೈಮೇಲೆ ಬಿದ್ದಿದ್ದರೆ ಬಟ್ಟೆ ಕಳಚಿ ಸೋಪುನೀರಿನಲ್ಲಿ ಸ್ನಾನ ಮಾಡಿ. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ನೀರು ಹಾಯಿಸಿ. ಉಸಿರಾಟಕ್ಕೆ ಕಷ್ಟವಾದರೆ, ಪ್ರಜ್ಞೆ ತಪ್ಪುವಂತಾದರೆ 911. ಅಷ್ಟಿಲ್ಲದೆ ತಲೆನೋವು, ವಾಕರಿಕೆ, ಕಣ್ಣುರಿ ಇದ್ದರೆ ವಿಷ ನಿಯಂತ್ರಣ ಕೇಂದ್ರ, 1-800-222-1222. ವೈದ್ಯರ ಬಳಿ ಹೋದರೆ ಕೀಟನಾಶಕದ ಸಂಶಯ ಎಂದು ಬಾಯಿಬಿಟ್ಟು ಹೇಳಿ, ಏಕೆಂದರೆ ಅವರು ಅದನ್ನು ಆರೋಗ್ಯಾಧಿಕಾರಿಗೆ ವರದಿ ಮಾಡಲೇಬೇಕು.

ಆಮೇಲೆ ಸಾಕ್ಷ್ಯ. ಕಳಚಿದ ಬಟ್ಟೆಯನ್ನು ಒಗೆಯಬೇಡಿ. ಶುಭ್ರವಾದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡಿ. ಗಿಡದ ಎಲೆಯನ್ನು ತೊಳೆಯಬೇಡಿ. ಗಂಟೆ, ಗಾಳಿಯ ದಿಕ್ಕು, ಯಂತ್ರದ ಬಣ್ಣ, ವಿಮಾನವಾದರೆ ಅದರ ಸಂಖ್ಯೆ, ಎಲ್ಲವನ್ನೂ ಬರೆದಿಟ್ಟು ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ. ಅಂದೇ ಕೌಂಟಿಯ ಕೃಷಿ ಕಮಿಷನರ್ ಕಚೇರಿಗೆ, ಅಥವಾ ರಾಜ್ಯದ 1-877-378-5463 ಸಂಖ್ಯೆಗೆ ದೂರು ಕೊಡಿ. ತಡಮಾಡಿದರೆ ಬಿಸಿಲಿಗೆ ಔಷಧಿಯ ಅಂಶ ಕರಗಿ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಜನರ ಮೈ, ಬಟ್ಟೆ, ಪಕ್ಕದವರ ಆಸ್ತಿಗೆ ತಾಗುವ ಸಾಧ್ಯತೆ ಇದ್ದರೆ ಹೊಡೆಯಲೇಬಾರದು, ಹೊಡೆಯುವಾಗಲೂ ಗಾಳಿ ನೋಡುತ್ತಿರಬೇಕು ಎಂದು ರಾಜ್ಯದ ನಿಯಮ 6614 ಹೇಳುತ್ತದೆ. ಆ ಸಂಖ್ಯೆಯನ್ನು ದೂರಿನಲ್ಲಿ ನಮೂದಿಸಿ. ವಾಸನೆ ಬಂದ ಮಾತ್ರಕ್ಕೆ ನಿಯಮಭಂಗ ಸಾಬೀತಾಗುವುದಿಲ್ಲ. ಗಂಧಕದ ವಾಸನೆ ಬಹಳ ದೂರ ಬರುತ್ತದೆ. ಆದರೂ ದೂರು ದಾಖಲಾಗಲಿ, ತೀರ್ಮಾನವನ್ನು ಇನ್‌ಸ್ಪೆಕ್ಟರ್ ಮಾಡುತ್ತಾರೆ.

ಹೊಗೆ, ಧೂಳು, ನೊಣ, ಕೊಳಕು ನೀರು: ಇವಕ್ಕೆ ಯಾರನ್ನು ಕೇಳಬೇಕು?

ತಪ್ಪು ಕಚೇರಿಗೆ ಕರೆ ಮಾಡಿ ‘ಯಾರೂ ಕೇಳುವುದಿಲ್ಲ’ ಎಂದು ಕೈಚೆಲ್ಲುವವರು ಬಹಳ. ಹೊಗೆ, ಧೂಳಿಗೆ ಸ್ಯಾನ್ ವಾಕೀನ್ ಕಣಿವೆಯ ವಾಯುಮಾಲಿನ್ಯ ನಿಯಂತ್ರಣ ಡಿಸ್ಟ್ರಿಕ್ಟ್. ಕಡಿದ ಮರ, ರೆಂಬೆಗಳನ್ನು ಬಯಲಲ್ಲಿ ಸುಡುವುದು ಅಲ್ಲಿ 2025ರ ಜನವರಿ 1ರಿಂದ ಬಹುಮಟ್ಟಿಗೆ ನಿಂತಿದೆ; ರೋಗ ಬಿದ್ದ ಬೆಳೆಯಂಥ ಕೆಲವಕ್ಕೆ ಮಾತ್ರ ಅನುಮತಿ. ಸಗಣಿನೀರು ಕಾಲುವೆಗೆ ಹರಿದರೆ ಪ್ರಾದೇಶಿಕ ಜಲ ಗುಣಮಟ್ಟ ಮಂಡಳಿ. ಸೊಳ್ಳೆಗೆ ಸೊಳ್ಳೆ ನಿಯಂತ್ರಣ ಡಿಸ್ಟ್ರಿಕ್ಟ್, ನೊಣಕ್ಕೆ ಕೌಂಟಿಯ ಪರಿಸರ ಆರೋಗ್ಯ ವಿಭಾಗ. ಬರೀ ವಾಸನೆಯ ದೂರಿಗೆ ಮಾತ್ರ ದಾರಿ ಕಿರಿದು: ಬೆಳೆ ಬೆಳೆಯಲು, ಪ್ರಾಣಿ ಸಾಕಲು ಅಗತ್ಯವಾದ ಕೃಷಿಯ ವಾಸನೆಗೆ ರಾಜ್ಯದ ವಾಯು ಕಾನೂನೇ ವಿನಾಯಿತಿ ಕೊಟ್ಟಿದೆ.

ಊರಾಚೆ ಎಕರೆ ಜಾಗದ ಮನೆ, ಬಾವಿ ನೀರು. ಕುಡಿಯಬಹುದೆ?

ಪರೀಕ್ಷೆ ಮಾಡಿಸದೆ ಬೇಡ. ನಗರದ ನಲ್ಲಿ ನೀರನ್ನು ಸರಬರಾಜು ಮಾಡುವವರು ಪರೀಕ್ಷಿಸುತ್ತಾರೆ. ಖಾಸಗಿ ಬಾವಿಯ ಹೊಣೆ ನಿಮ್ಮದೇ. ಗೊಬ್ಬರದ ನೈಟ್ರೇಟ್ ಈ ಕಣಿವೆಯ ಅಂತರ್ಜಲದ ದೊಡ್ಡ ಪೀಡೆ. ಮಿತಿ ಲೀಟರಿಗೆ 10 ಮಿಲಿಗ್ರಾಂ (ಸಾರಜನಕದ ಲೆಕ್ಕದಲ್ಲಿ). ಇದಕ್ಕಿಂತ ಹೆಚ್ಚಿದ್ದರೆ 6 ತಿಂಗಳೊಳಗಿನ ಕೂಸಿಗೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಲೇಬಾರದು. ಕಾಯಿಸಿ ಆರಿಸಿದರೆ ಸರಿಹೋಗುತ್ತದೆ ಎನ್ನುವುದು ನಮ್ಮವರ ನಂಬಿಕೆ. ಕಾಯಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ಗಟ್ಟಿಯಾಗುತ್ತದೆ. ರಿವರ್ಸ್ ಆಸ್ಮೋಸಿಸ್ ಯಂತ್ರ ಬೇಕು, ಅದರ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ತೋಟದೊಳಗೆ ವಾಕಿಂಗ್ ಹೋಗಬಹುದೆ? ಬಿದ್ದ ಬಾದಾಮಿ ಆರಿಸಬಹುದೆ?

ಎರಡೂ ಬೇಡ. ಬೇಲಿ ಇಲ್ಲದ್ದು ಹೊಲಕ್ಕೆ ಒಡೆಯನಿಲ್ಲ ಎಂಬ ಸೂಚನೆಯಲ್ಲ. ನೆಲದ ಮೇಲಿರುವುದು ಒಣಗುತ್ತಿರುವ ಫಸಲು, ಉದುರಿ ಬಿಟ್ಟದ್ದಲ್ಲ. ಔಷಧಿ ಹೊಡೆದ ಮೇಲೆ ಕೆಲವು ಗಂಟೆಯಿಂದ ಕೆಲವು ದಿನಗಳವರೆಗೆ ಕೂಲಿಕಾರರೇ ಒಳಗೆ ಕಾಲಿಡುವಂತಿಲ್ಲ, ಮಕ್ಕಳ ಮಾತು ದೂರವೇ ಉಳಿಯಿತು. ತರಕಾರಿ ಹೊಲದಲ್ಲಿ ನಾಯಿ ಹೇತರೆ ಆಹಾರ ಸುರಕ್ಷತೆಯ ಕಾರಣಕ್ಕೆ ಸುತ್ತಲಿನ ಬೆಳೆ ಕಟಾವಾಗದೆ ಉಳಿಯುತ್ತದೆ. ಕಾಂಕ್ರೀಟ್ ಕಾಲುವೆಗಳ ಇಳಿಜಾರು ಪಾಚಿಗಟ್ಟಿ ಜಾರುತ್ತದೆ, ಬಿದ್ದವರು ಹತ್ತಿ ಬರುವುದು ಕಷ್ಟ. ಇದನ್ನು ಮಕ್ಕಳಿಗೆ ಮನೆಗೆ ಬಂದ ಮೊದಲ ವಾರವೇ ಹೇಳಿ.

ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದರೆ?

ಹಿಂದೆ ಕಿತ್ತಳೆ ಬಣ್ಣದ ತ್ರಿಕೋನ ಇದ್ದರೆ ಅದರ ವೇಗ ಗಂಟೆಗೆ 25 ಮೈಲಿಗಿಂತ ಹೆಚ್ಚಿಲ್ಲ. ನೀವು 55ರಲ್ಲಿ ಬರುತ್ತಿದ್ದರೆ ಅಂತರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕರಗುತ್ತದೆ. ಎರಡು ಪಥದ ರಸ್ತೆಯಲ್ಲಿ ಹಿಂದೆ 5 ವಾಹನ ಸೇರಿದರೆ, ಸುರಕ್ಷಿತ ಜಾಗ ಸಿಕ್ಕಾಗ ಅದು ಪಕ್ಕಕ್ಕೆ ಸರಿಯಬೇಕೆಂಬ ನಿಯಮವಿದೆ. ಟ್ರ್ಯಾಕ್ಟರ್ ಬಲಕ್ಕೆ ಸರಿದದ್ದು ದಾರಿ ಬಿಡಲೆಂದೇ ಎಂದು ನುಗ್ಗಬೇಡಿ. ಎಡಗಡೆಯ ಹೊಲಕ್ಕೆ ಅಗಲವಾಗಿ ತಿರುಗಲು ಬಲಕ್ಕೆ ಸರಿಯುವುದುಂಟು.

ಹಿತ್ತಲಲ್ಲಿ ಕರಿಬೇವಿನ ಗಿಡ ಇಟ್ಟರೂ ಕಾನೂನೆ?

ಇದನ್ನು ನಮ್ಮ ಜನ ಗಂಭೀರವಾಗಿ ತೆಗೆದುಕೊಳ್ಳಬೇಕು. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬಕ್ಕೇ ಸೇರಿದ್ದು. ಏಷ್ಯನ್ ಸಿಟ್ರಸ್ ಸಿಲಿಡ್ ಎಂಬ ಪುಟ್ಟ ಕೀಟ ಅದರ ಎಳೆ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ. ಆ ಕೀಟ ಕಿತ್ತಳೆ ಮರಕ್ಕೆ ಹರಡುವ ಹಸಿರುರೋಗಕ್ಕೆ ಮದ್ದಿಲ್ಲ, ಮರ ಸಾಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೀಟ ಕಂಡದ್ದು 2008ರಲ್ಲಿ, ರೋಗ 2012ರಲ್ಲಿ ಲಾಸ್ ಏಂಜಲಿಸ್ ಕೌಂಟಿಯ ಒಂದು ಮನೆಯ ಹಿತ್ತಲಲ್ಲಿ.

ಹಾಗಾಗಿ ಲಾಸ್ ಏಂಜಲಿಸಿನ ನೆಂಟರ ಮನೆಯಿಂದ ಕರಿಬೇವಿನ ಸಸಿಯನ್ನೋ ರೆಂಬೆಯನ್ನೋ ಕಾರಿನಲ್ಲಿ ಕಣಿವೆಗೆ ತರಬೇಡಿ. ಸೊಪ್ಪನ್ನು ಪೋಸ್ಟಿನಲ್ಲಿ ಕಳಿಸಬೇಡಿ. ಊರಿನಿಂದ ಸೂಟ್‌ಕೇಸಿನಲ್ಲಿ ಹಸಿ ಕರಿಬೇವು ತರುವಂತೆಯೇ ಇಲ್ಲ. ನಿಮ್ಮ ಪ್ರದೇಶದ ಪರವಾನಗಿ ಇರುವ ನರ್ಸರಿಯಲ್ಲೇ ಕೊಂಡು, ಚೀಟಿ ಕೀಳದೆ ಇಡಿ. ತಿಂಗಳಿಗೊಮ್ಮೆ ಚಿಗುರು ನೋಡಿ: 3 ಮಿಲಿಮೀಟರಿನ ಕಂದು ಹುಳು ಬಾಲ ಮೇಲೆತ್ತಿ ಓರೆಯಾಗಿ ಕುಳಿತಿದ್ದರೆ, ಅಥವಾ ಹಳದಿ ಮರಿಗಳಿಂದ ಬಿಳಿ ಮೇಣದ ಎಳೆ ಇಳಿದಿದ್ದರೆ, ಗಿಡ ಕೀಳದೆ 1-800-491-1899ಕ್ಕೆ ತಿಳಿಸಿ.

ನಾವೂ ನಾಲ್ಕು ಕೋಳಿ ಸಾಕಿದರೆ ಈ ಕಾನೂನು ನಮಗೂ ರಕ್ಷಣೆ ಕೊಡುತ್ತದೆಯೆ?

ಇಲ್ಲ. ರಕ್ಷಣೆ ವಾಣಿಜ್ಯ ಕೃಷಿಗೆ ಮಾತ್ರ. ಹಿತ್ತಲ ಕೋಳಿಗೆ ನಗರಸಭೆಯ ನಿಯಮ, ಅದಕ್ಕೂ ಮೊದಲು ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ನಿಯಮ ನೋಡಿ.

ಪಕ್ಕದ ಹೊಲ ಹೊಲವಾಗಿಯೇ ಉಳಿಯುತ್ತದೆಯೆ?

ಈ ಕಾನೂನು ರೈತನಿಗೆ ಬೆಳೆಯುವ ಹಕ್ಕು ಕೊಡುತ್ತದೆ, ಬೆಳೆಯಲೇಬೇಕು ಎನ್ನುವುದಿಲ್ಲ. ನಾಳೆ ಆತ ಬಿಲ್ಡರ್‌ಗೆ ಮಾರಬಹುದು, ಕುದುರೆಮಸಾಲೆ ಕಿತ್ತು ಬಾದಾಮಿ ಹಾಕಬಹುದು. ಜಮೀನು 1965ರ ವಿಲಿಯಮ್‌ಸನ್ ಕಾಯಿದೆಯ ಒಪ್ಪಂದದಲ್ಲಿದೆಯೇ ಎಂದು ಕೌಂಟಿಯ ಯೋಜನಾ ವಿಭಾಗದಲ್ಲಿ ಕೇಳಿ. ತೆರಿಗೆ ಕಡಿತಕ್ಕೆ ಬದಲಾಗಿ ಜಮೀನನ್ನು ಕೃಷಿಗೇ ಇಡುವ ಒಪ್ಪಂದ ಅದು. ಕನಿಷ್ಠ ಅವಧಿ ಸಾಮಾನ್ಯವಾಗಿ 10 ವರ್ಷ, ಪ್ರತಿ ವರ್ಷ ತಾನಾಗಿ ನವೀಕರಣವಾಗುತ್ತದೆ. ‘ನವೀಕರಣ ಬೇಡ’ ಎಂದು ಒಡೆಯ ಅರ್ಜಿ ಕೊಟ್ಟಿದ್ದರೆ, ಮಾರುವ ಯೋಚನೆ ಇರಬಹುದು ಎಂದು ತಿಳಿಯಿರಿ.

ಬೇರೆ ರಾಜ್ಯದಲ್ಲಿರುವವರಿಗೆ?

ವಿವರಗಳು ಬೇರೆ. ನ್ಯೂಜೆರ್ಸಿಯ 1983ರ ಕಾನೂನಿನಂತೆ ದೂರನ್ನು ಕೋರ್ಟಿಗಿಂತ ಮೊದಲು ಕೌಂಟಿಯ ಕೃಷಿ ಅಭಿವೃದ್ಧಿ ಮಂಡಳಿಗೆ ಒಯ್ಯಬೇಕು. ಟೆಕ್ಸಸ್‌ನಲ್ಲಿ ಒಂದು ವರ್ಷ ನಡೆದ ಕೃಷಿಗೇ ರಕ್ಷಣೆ ಸಿಗುತ್ತದೆ, 2023ರಲ್ಲಿ ಮತದಾರರು ಈ ಹಕ್ಕನ್ನು ರಾಜ್ಯ ಸಂವಿಧಾನಕ್ಕೂ ಸೇರಿಸಿದರು. ಮಿಶಿಗನ್‌ನಲ್ಲಿ ರಾಜ್ಯದ ಕೃಷಿ ಆಯೋಗ ಒಪ್ಪಿದ ಪದ್ಧತಿಗಳ ಪಟ್ಟಿಯೇ ಅಳತೆಗೋಲು.

ರೈತನೊಂದಿಗೆ ನೇರವಾಗಿ ಮಾತಾಡಬಹುದೆ?

ಮಾತಾಡಲೇಬೇಕು, ಅದೂ ಜಗಳ ಬರುವ ಮೊದಲು. ಕೊಯ್ಲಿನ ನಡುವೆ ಯಂತ್ರಕ್ಕೆ ಅಡ್ಡ ನಿಂತು ಕೈಬೀಸಬೇಡಿ. ಕೆಲಸ ಕಡಿಮೆ ಇರುವ ನವೆಂಬರ್, ಡಿಸೆಂಬರ್‌ನಲ್ಲಿ ಹೋಗಿ. ನಿಮ್ಮ ಫೋನ್ ನಂಬರ್ ಬರೆದ ಚೀಟಿ ಕೊಡಿ. ‘ಔಷಧಿ ನಿಲ್ಲಿಸಿ’ ಎಂದರೆ ಮಾತು ಅಲ್ಲಿಗೇ ಮುರಿಯುತ್ತದೆ. ‘ಮಗುವಿಗೆ ಆಸ್ತಮಾ ಇದೆ, ನಮ್ಮ ಬೇಲಿ ಕಡೆಯ ಸಾಲು ಗುಡಿಸುವ ಹಿಂದಿನ ದಿನ ಒಂದು ಮೆಸೇಜ್ ಹಾಕುತ್ತೀರಾ’ ಎಂದು ಕೇಳಿದರೆ ಒಪ್ಪುವವರೇ ಹೆಚ್ಚು. ಹೊಲವನ್ನು ಗುತ್ತಿಗೆಗೆ ಪಡೆದವರು ನಡೆಸುತ್ತಿರಬಹುದು. ಆಗ ಒಡೆಯರ ಜತೆ ಮಾತಾಡಿ ಪ್ರಯೋಜನವಿಲ್ಲ, ನಿಜವಾಗಿ ಉಳುತ್ತಿರುವವರು ಯಾರೆಂದು ಕೃಷಿ ಕಮಿಷನರ್ ಕಚೇರಿಯಲ್ಲಿ ಕೇಳಿ ತಿಳಿಯಿರಿ.